ನೆಲೆ ತಪ್ಪಿದವರ ನೋಂದಣಿ: ಪಟ್ಟಿ ಬರೆಯಲು ಕೂರುವವರಿಗೆ ಹಂತ ಹಂತದ ಕೈಪಿಡಿ

ಕೆರೆ ಕೋಡಿ ಬಿದ್ದು ಊರಿಗೆ ನೀರು ನುಗ್ಗುತ್ತದೆ. ಮಾಲೂರು ಕಡೆ ಇಟ್ಟಿಗೆ ಗೂಡಿನ ಕಾರ್ಮಿಕರ ಶೆಡ್ಡುಗಳು ಗಾಳಿಮಳೆಗೆ ಹಾರಿಹೋಗುತ್ತವೆ. ಶಾಲೆಯಲ್ಲೋ ಸಮುದಾಯ ಭವನದಲ್ಲೋ ಜನ ಬಂದು ಸೇರುತ್ತಾರೆ, ಯಾರೋ ಒಬ್ಬರು ನೋಟ್‌ಬುಕ್ ತೆಗೆದು ಹೆಸರು ಬರೆಯಲು ಶುರು ಮಾಡುತ್ತಾರೆ. ಮೂರನೇ ದಿನದ ಹೊತ್ತಿಗೆ ಆ ಪಟ್ಟಿಯಲ್ಲಿ ಮುನಿಯಪ್ಪ ಎಂಬ ಹೆಸರು ಆರು ಕಡೆ ಇರುತ್ತದೆ. ಅದು ಆರು ಜನವೋ ಮೂರು ಜನವೋ ಹೇಳುವವರಿಲ್ಲ. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರಿನ ಸಮಾಜಕಾರ್ಯ ವಿದ್ಯಾರ್ಥಿಗಳು, ಯುವಕ ಸಂಘದವರು, ಸಣ್ಣ ಸೇವಾ ಸಂಸ್ಥೆಯವರು ಮತ್ತೆ ಮತ್ತೆ ಕೇಳುವುದು ಇದನ್ನೇ: ಪಟ್ಟಿಯನ್ನು ಮೊದಲಿನಿಂದಲೇ ಸರಿಯಾಗಿ ಕಟ್ಟುವುದು ಹೇಗೆ, ಕಟ್ಟಿದ್ದನ್ನು ಜೋಪಾನ ಮಾಡುವುದು ಹೇಗೆ?

ಇದಕ್ಕೆ ದೊಡ್ಡ ಪ್ರಮಾಣದಲ್ಲಿ ಉತ್ತರ ಹುಡುಕಿದವರು ನಿರಾಶ್ರಿತರ ಶಿಬಿರಗಳಲ್ಲಿ ಕೆಲಸ ಮಾಡುವವರು. ವಿಶ್ವಸಂಸ್ಥೆಯ ನಿರಾಶ್ರಿತರ ಹೈಕಮಿಷನರ್ ಕಚೇರಿ, ಅಂದರೆ ಯುಎನ್‌ಎಚ್‌ಸಿಆರ್, ಲಕ್ಷಾಂತರ ಜನರ ನೋಂದಣಿಗೆ ಬಳಸುವ ಕ್ರಮದ ಮುಖ್ಯ ಅಂಶಗಳು ಐವತ್ತು ಕುಟುಂಬದ ಕಾಳಜಿ ಕೇಂದ್ರಕ್ಕೂ ಹೊಂದುತ್ತವೆ. ಆ ಕ್ರಮದ ಬೆನ್ನೆಲುಬು ಇಷ್ಟು: ಯಾರಿದ್ದಾರೆ ಎಂಬ ದಾಖಲೆ ಬೇರೆ, ಯಾರಿಗೆ ಏನು ಸಲ್ಲಬೇಕು ಎಂಬ ತೀರ್ಮಾನ ಬೇರೆ, ಯಾರಿಗೆ ಏನು ಕೊಟ್ಟೆವು ಎಂಬ ಲೆಕ್ಕ ಬೇರೆ. ಮೂರನ್ನೂ ಒಂದೇ ಹಾಳೆಯಲ್ಲಿ ಬರೆದಾಗಲೇ ಮುಕ್ಕಾಲು ಪಾಲು ಗೊಂದಲ ಹುಟ್ಟುವುದು.

ಮೊದಲು, ಇದು ಯಾರ ಕೆಲಸ?

ಪ್ರಕೃತಿ ವಿಕೋಪವಾದರೆ 2005ರ ವಿಪತ್ತು ನಿರ್ವಹಣಾ ಕಾಯ್ದೆಯಡಿ ಜಿಲ್ಲಾಧಿಕಾರಿ ಮುಖ್ಯಸ್ಥರು. ತಾಲ್ಲೂಕಿನಲ್ಲಿ ತಹಶೀಲ್ದಾರರು, ಹಳ್ಳಿ ಮಟ್ಟದಲ್ಲಿ ಗ್ರಾಮ ಆಡಳಿತ ಅಧಿಕಾರಿ ಮತ್ತು ಪಿಡಿಒ. ಪರಿಹಾರದ ಹಣಕ್ಕೆ ಆಧಾರವಾಗುವುದು ಅವರ ಪಟ್ಟಿ. ನಿಮ್ಮದು ಅದಕ್ಕೆ ಪೂರಕ. ಹಾಗಾಗಿ ಕೂರುವ ಮುನ್ನವೇ ಅವರ ನಮೂನೆಯನ್ನು ಕೇಳಿ ಪಡೆದು, ಅದರ ಕಾಲಂಗಳು ನಿಮ್ಮಲ್ಲೂ ಅದೇ ಕ್ರಮದಲ್ಲಿ ಇರುವಂತೆ ನೋಡಿಕೊಳ್ಳಿ. ಆಮೇಲೆ ಒಂದರಿಂದ ಒಂದಕ್ಕೆ ನಕಲು ಮಾಡುವ ರಾತ್ರಿ ನಿದ್ದೆ ಉಳಿಯುತ್ತದೆ.

ಬಂದವರು ಬೇರೆ ದೇಶದವರಾದರೆ ಲೆಕ್ಕವೇ ಬೇರೆ. ಭಾರತ 1951ರ ನಿರಾಶ್ರಿತರ ಒಪ್ಪಂದಕ್ಕೂ 1967ರ ಪೂರಕ ಒಪ್ಪಂದಕ್ಕೂ ಸಹಿ ಹಾಕಿಲ್ಲ. ಟಿಬೆಟನ್ನರು ಮತ್ತು ಶ್ರೀಲಂಕಾದ ತಮಿಳರ ವಿಷಯವನ್ನು ಸರ್ಕಾರವೇ ನೇರವಾಗಿ ನೋಡಿಕೊಳ್ಳುತ್ತದೆ. ಅಫ್ಘಾನಿಸ್ತಾನ, ಮ್ಯಾನ್ಮಾರ್ ಮುಂತಾದ ಕಡೆಯಿಂದ ಬಂದವರು ದೆಹಲಿಯ ಯುಎನ್‌ಎಚ್‌ಸಿಆರ್ ಕಚೇರಿಯಲ್ಲಿ ನೋಂದಾಯಿಸಿಕೊಳ್ಳುತ್ತಾರೆ. ನೀವು ಕೊಡುವ ಚೀಟಿ ಯಾರನ್ನೂ ನಿರಾಶ್ರಿತ ಎಂದು ಮಾನ್ಯ ಮಾಡುವುದಿಲ್ಲ. ಅದು ಊಟದ ಚೀಟಿ ಮಾತ್ರ ಎಂದು ಮೊದಲ ದಿನವೇ ಬಾಯಿಬಿಟ್ಟು ಹೇಳಿ. ವಿದೇಶಿಯರಿಗೆ ತಂಗಲು ಜಾಗ ಕೊಟ್ಟವರು ಅವರ ವಿವರವನ್ನು 24 ಗಂಟೆಯೊಳಗೆ ವಿದೇಶಿಯರ ನೋಂದಣಿ ಅಧಿಕಾರಿಗೆ ಸಲ್ಲಿಸಬೇಕು (ಹಿಂದೆ ಇದಕ್ಕೆ ಸಿ ಫಾರ್ಮ್ ಎನ್ನುತ್ತಿದ್ದರು) ಎಂಬ ನಿಯಮವೂ ಇದೆ. ಅದು ಜಾಗದ ಮಾಲೀಕರ ಹೊಣೆ, ನೋಂದಣಿ ಮೇಜಿನದಲ್ಲ.

ಬೇಕಾಗುವ ಸಾಮಾನು ಹೆಚ್ಚೇನಿಲ್ಲ. ಮೊದಲೇ ಸಂಖ್ಯೆ ಅಚ್ಚಾದ ಟೋಕನ್ ಪುಸ್ತಕ, ಹಾಳೆ ಕೀಳಲು ಬಾರದಂತೆ ಹೊಲಿದ ರಿಜಿಸ್ಟರು, ನೀಲಿ ಮತ್ತು ಕೆಂಪು ಪೆನ್ನು, ಸ್ಟ್ಯಾಂಪ್ ಪ್ಯಾಡು, ಚೀಟಿ ಒದ್ದೆಯಾಗದಂತೆ ಪ್ಲಾಸ್ಟಿಕ್ ಕವರು, ಪವರ್ ಬ್ಯಾಂಕು. ಬಂದವರು ಕೂತು ಮಾತಾಡಲು ಸ್ಟೂಲು ಮರೆಯಬೇಡಿ. ನಿಂತು ಹೇಳುವವರು ಅವಸರದಲ್ಲಿ ಅರ್ಧ ಹೇಳಿ ಹೋಗುತ್ತಾರೆ.

1. ಕಾಲಂಗಳನ್ನು ಕತ್ತರಿಸಿ

ಪ್ರತಿ ಕಾಲಂ ಎದುರಿಗೆ ಒಂದು ಪ್ರಶ್ನೆ ಹಾಕಿಕೊಳ್ಳಿ: ಈ ಮಾಹಿತಿಯನ್ನು ಈ ವಾರ ಯಾರು, ಯಾವುದಕ್ಕೆ ಬಳಸುತ್ತಾರೆ? ಉತ್ತರವಿಲ್ಲದ ಕಾಲಂ ತೆಗೆದುಹಾಕಿ. ಮೊದಲ ಸುತ್ತಿಗೆ ಇಷ್ಟು ಸಾಕು: ವ್ಯಕ್ತಿ ಸಂಖ್ಯೆ, ಕುಟುಂಬ ಸಂಖ್ಯೆ, ಹೆಸರು, ಕರೆಯುವ ಹೆಸರು, ತಂದೆ ಮತ್ತು ತಾಯಿಯ ಹೆಸರು, ಲಿಂಗ, ವಯಸ್ಸು, ಕುಟುಂಬದ ಮುಖ್ಯಸ್ಥರಿಗೆ ಏನಾಗಬೇಕು, ಎಲ್ಲಿಂದ ಬಂದರು, ಬಂದ ದಿನಾಂಕ, ವಿಶೇಷ ಅಗತ್ಯ, ಫೋನ್ ನಂಬರು.

ಜಾತಿ, ಧರ್ಮ, ಬ್ಯಾಂಕ್ ಖಾತೆ, ಪೂರ್ತಿ ಆಧಾರ್ ಸಂಖ್ಯೆ 'ಇರಲಿ, ಮುಂದೆ ಬೇಕಾಗಬಹುದು' ಎಂದು ನುಸುಳುತ್ತವೆ. ಬೇಡ. ಎಲ್ಲಕ್ಕಿಂತ ಅಪಾಯದ್ದು ರಾಷ್ಟ್ರೀಯತೆಯ ಕಾಲಂ. ಬಂಗಾಳಿ ಮಾತಾಡುವ ಕಾರ್ಮಿಕ ಮುರ್ಷಿದಾಬಾದಿನವನೂ ಆಗಿರಬಹುದು, ಅಸ್ಸಾಮಿನ ಬರಾಕ್ ಕಣಿವೆಯವನೂ ಆಗಿರಬಹುದು. ಮೇಜಿನ ಈಚೆ ಕೂತವರು ಮಾತಿನ ಧಾಟಿ ಕೇಳಿ ಪೆನ್ಸಿಲಿನಲ್ಲಿ ಬರೆದ ಊಹೆ, ನಾಲ್ಕು ಕೈ ದಾಟಿದ ಮೇಲೆ 'ದಾಖಲೆ'ಯಾಗಿ ಓಡಾಡುತ್ತದೆ. ಅವರು ಹೇಳಿದ ಊರು, ಜಿಲ್ಲೆ, ರಾಜ್ಯ ಬರೆಯಿರಿ. ಅಲ್ಲಿಗೆ ನಿಲ್ಲಿಸಿ.

2. ಸಂಖ್ಯೆ ಕೊಡುವ ಕ್ರಮ

ಹೊಸಬರು ಎಡವುವ ಮೊದಲ ಜಾಗ ಇದು. ಕುಟುಂಬಕ್ಕೆ 47 ಎಂದು ಕೊಟ್ಟು, ಒಳಗಿನವರಿಗೆ 47-1, 47-2 ಎಂದು ಹಾಕಿಬಿಡುತ್ತಾರೆ. ನೋಡಲು ಅಚ್ಚುಕಟ್ಟು. ಆದರೆ ನಾಲ್ಕನೇ ದಿನ ಮಗಳು ಮದುವೆಯಾಗಿ ಹೋದ ಮನೆಯವರು ಬಂದು ಅವಳನ್ನು ತಮ್ಮ ಜೊತೆ ಸೇರಿಸಿಕೊಳ್ಳುತ್ತಾರೆ, ಅಜ್ಜಿ ಇನ್ನೊಬ್ಬ ಮಗನ ಕಡೆ ಹೋಗುತ್ತಾರೆ. ಆಗ 47-3 ಯಾರು? ಸಂಖ್ಯೆ ಬದಲಿಸಿದರೆ ಹಳೆಯ ಚೀಟಿ ಸುಳ್ಳಾಗುತ್ತದೆ, ಬದಲಿಸದಿದ್ದರೆ ಪಟ್ಟಿ ಸುಳ್ಳಾಗುತ್ತದೆ.

ಯುಎನ್‌ಎಚ್‌ಸಿಆರ್ ಪದ್ಧತಿಯಲ್ಲಿ ವ್ಯಕ್ತಿಗೂ ಕುಟುಂಬಕ್ಕೂ ಬೇರೆ ಬೇರೆ ಸಂಖ್ಯೆ ಇರುತ್ತದೆ. ವ್ಯಕ್ತಿಯ ಸಂಖ್ಯೆ ಒಮ್ಮೆ ಕೊಟ್ಟರೆ ಮುಗಿಯಿತು, ಅದು ಬದಲಾಗುವುದಿಲ್ಲ. ಕುಟುಂಬ ಸಂಖ್ಯೆ ಮಾತ್ರ ಒಂದು ಕಾಲಂನಲ್ಲಿ ಕೂತಿರುತ್ತದೆ, ಕುಟುಂಬ ಬದಲಾದರೆ ಅದನ್ನಷ್ಟೇ ತಿದ್ದುವುದು. ನೀವೂ ಹಾಗೇ ಮಾಡಿ: ವ್ಯಕ್ತಿಗಳಿಗೆ 0001ರಿಂದ, ಕುಟುಂಬಗಳಿಗೆ ಕು-001ರಿಂದ. ಎರಡು ಕೇಂದ್ರಗಳಿದ್ದರೆ ಒಂದಕ್ಕೆ 0001ರಿಂದ 0999, ಇನ್ನೊಂದಕ್ಕೆ 1000ದಿಂದ 1999 ಎಂದು ಮೊದಲೇ ಹಂಚಿ. ಹಾಳಾದ ಸಂಖ್ಯೆಯನ್ನು 'ರದ್ದು' ಎಂದು ಬರೆದು ಬಿಡಿ, ಇನ್ನೊಬ್ಬರಿಗೆ ಕೊಡಬೇಡಿ. ಜಾತಿ, ಧರ್ಮ, ಊರಿನ ಗುರುತು ಯಾವುದೂ ಸಂಖ್ಯೆಯೊಳಗೆ ಇರಬಾರದು.

3. ಮೊದಲು ತಲೆ ಎಣಿಕೆ, ಆಮೇಲೆ ಹೆಸರು

ಎಲ್ಲರೂ ಒಳಗಿರುವ ಹೊತ್ತು ನೋಡಿ, ಬೆಳಗಿನ ತಿಂಡಿಗೆ ಮುಂಚೆಯಾದರೆ ಒಳ್ಳೆಯದು, ಬಾಗಿಲ ಬಳಿ ನಿಂತು ಮನೆಮಂದಿಗೊಂದು ಟೋಕನ್ ಕೊಡಿ. ಟೋಕನ್ ಹಿಂದೆ ಎದುರಿಗೆ ಕಂಡ ತಲೆಗಳ ಸಂಖ್ಯೆ ಬರೆಯಿರಿ. ಆಸ್ಪತ್ರೆಗೋ ಕೂಲಿಗೋ ಹೋದವರನ್ನು 'ಹೊರಗೆ' ಎಂದು ಪ್ರತ್ಯೇಕವಾಗಿ ಗುರುತಿಸಿ. ಹೆಸರು ಬರೆಯುವ ಮೇಜಿಗೆ ಬಂದಾಗ ನಾಲ್ಕು ಇದ್ದ ತಲೆ ಏಳಾಗಿದ್ದರೆ ಕೇಳಲು ನಿಮ್ಮ ಕೈಯಲ್ಲಿ ಒಂದು ಆಧಾರವಿರುತ್ತದೆ.

ಹೊತ್ತಿನ ಲೆಕ್ಕ ಹೀಗೆ ಹಾಕಿ. ಒಂದು ಕುಟುಂಬಕ್ಕೆ ಹತ್ತು ನಿಮಿಷ, ಅಂದರೆ ಒಂದು ಮೇಜಿಗೆ ಗಂಟೆಗೆ ಆರು. 120 ಕುಟುಂಬಕ್ಕೆ ನಾಲ್ಕು ಮೇಜು ಹಾಕಿದರೆ ಐದು ಗಂಟೆ. ಮೇಜಿಗೆ ಇಬ್ಬರು ಬೇಕು, ಒಬ್ಬರು ಕೇಳಲು, ಒಬ್ಬರು ಬರೆಯಲು. ಪಕ್ಕಕ್ಕೆ ಇನ್ನೊಂದು ತಕರಾರು ಮೇಜು ಹಾಕಿ. ಜಗಳಕ್ಕೆ ಬಂದವರನ್ನು ಅಲ್ಲಿಗೆ ಕಳಿಸಿದರೆ ಸಾಲು ನಿಲ್ಲುವುದಿಲ್ಲ. ಮುದುಕರು, ಬಸುರಿ ಬಾಣಂತಿಯರನ್ನು ಸಾಲಿನಲ್ಲಿ ನಿಲ್ಲಿಸಬೇಡಿ, ಅವರಿದ್ದಲ್ಲಿಗೇ ರಿಜಿಸ್ಟರು ಹೋಗಲಿ.

4. ಒಪ್ಪಿಗೆ

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಕಂಪ್ಯೂಟರಿನಲ್ಲಿರುವ ಮಾಹಿತಿಗೂ, ಕಾಗದದಲ್ಲಿ ಬರೆದು ಆಮೇಲೆ ಕಂಪ್ಯೂಟರಿಗೆ ಏರಿಸಿದ ಮಾಹಿತಿಗೂ ಅನ್ವಯಿಸುತ್ತದೆ. ವಿಪತ್ತಿನ ಹೊತ್ತಿನಲ್ಲಿ ನೆರವು ನೀಡಲು ಮಾಹಿತಿ ಬಳಸುವುದಕ್ಕೆ ಅದರಲ್ಲಿ ವಿನಾಯಿತಿಯ ದಾರಿಯೂ ಇದೆ. ಹಾಗೆಂದು ಏನೂ ಹೇಳದೆ ಬರೆದುಕೊಳ್ಳುವುದು ತರವಲ್ಲ. ಅಚ್ಚು ಹಾಕಿಸಿದ ಒಪ್ಪಿಗೆ ಪತ್ರಕ್ಕೆ ಹೆಬ್ಬೆಟ್ಟು ಒತ್ತಿಸಿಕೊಳ್ಳುವುದಕ್ಕಿಂತ, ಅರ್ಥವಾಗುವಂತೆ ಬಾಯಲ್ಲಿ ಹೇಳುವುದು ಮೇಲು:

'ಅಮ್ಮಾ, ನಿಮ್ಮ ಮನೆಯವರ ಹೆಸರು, ವಯಸ್ಸು ಬರ್ಕೊಳ್ತೀವಿ. ಊಟ, ಹೊದಿಕೆ, ಔಷಧಿ ಲೆಕ್ಕಕ್ಕೆ. ಈ ಪಟ್ಟಿ ತಾಲ್ಲೂಕು ಕಚೇರಿಗೆ ಹೋಗುತ್ತೆ, ಬೇರೆ ಯಾರಿಗೂ ಕೊಡಲ್ಲ. ಯಾವ್ದಾದ್ರೂ ಹೇಳೋಕೆ ಇಷ್ಟ ಇಲ್ಲಾಂದ್ರೆ ಬಿಡಿ, ಅದಕ್ಕೆ ಊಟ ನಿಲ್ಲಲ್ಲ.'

ಬಾಗೇಪಲ್ಲಿ, ಪಾವಗಡ, ಮುಳಬಾಗಿಲು ಕಡೆಯಾದರೆ ಇದನ್ನೇ ತೆಲುಗಿನಲ್ಲಿ ಹೇಳುವವರು ಮೇಜಿನಲ್ಲಿರಲಿ. ಕೆಜಿಎಫ್‌ನಲ್ಲಿ ತಮಿಳು ಬೇಕಾಗುತ್ತದೆ. ಕಾರ್ಮಿಕರ ಪಾಳ್ಯದಲ್ಲಿ ಹಿಂದಿ, ಒಡಿಯಾ. ಭಾಷಾಂತರಕ್ಕೆ ಗುತ್ತಿಗೆದಾರನ ಮೇಸ್ತ್ರಿಯನ್ನು ಕೂರಿಸಿಕೊಳ್ಳಬೇಡಿ. ಅವನ ಮುಂದೆ ಕೂಲಿ ಬಾಕಿ, ವಯಸ್ಸು, ಯಾರ ಮಗು ಎಂಬುದು ಯಾವುದೂ ನಿಜ ಬರುವುದಿಲ್ಲ.

ಇನ್ನೊಂದು ಎಚ್ಚರ. 'ನಿಮ್ಮ ಮಾಹಿತಿಯನ್ನು ಬೇರೆಯವರಿಗೆ ಕೊಡಬಹುದೇ' ಎಂದು ಕೇಳುವುದಾದರೆ, ಯಾರಿಗೆ ಎಂದು ಹೆಸರಿಸಿ, ಒಂದೊಂದನ್ನೂ ಬೇರೆಯಾಗಿ ಕೇಳಿ. 2021ರ ಜೂನ್‌ನಲ್ಲಿ ಹ್ಯೂಮನ್ ರೈಟ್ಸ್ ವಾಚ್ ಎಂಬ ಮಾನವ ಹಕ್ಕುಗಳ ಸಂಸ್ಥೆ ಒಂದು ವರದಿ ಹೊರತಂದಿತು. ಮ್ಯಾನ್ಮಾರಿನಿಂದ ಓಡಿಬಂದು ಬಾಂಗ್ಲಾದೇಶದ ಶಿಬಿರಗಳಲ್ಲಿದ್ದ ರೋಹಿಂಗ್ಯಾಗಳಿಂದ ಯುಎನ್‌ಎಚ್‌ಸಿಆರ್ ಪಡೆದ ಮಾಹಿತಿಯನ್ನು ಬಾಂಗ್ಲಾ ಸರ್ಕಾರ ಮ್ಯಾನ್ಮಾರಿಗೆ ಕೊಟ್ಟಿತ್ತು, ಹಾಗೆ ಕೊಡಲಾಗುತ್ತದೆಂದು ಹಲವರಿಗೆ ತಿಳಿದೇ ಇರಲಿಲ್ಲ ಎಂಬುದು ಅದರ ಸಾರ. ಅನುಮತಿ ಕೇಳಿಯೇ ಪಡೆದಿದ್ದೆವು ಎಂದು ಯುಎನ್‌ಎಚ್‌ಸಿಆರ್ ಹೇಳಿತು. ಕೇಳಿದ್ದು ಹೌದೋ ಅಲ್ಲವೋ ಎಂಬ ವಾದಕ್ಕಿಂತ, ರೇಷನ್ ಚೀಟಿಗೂ ಮಾಹಿತಿ ಹಂಚಿಕೆಗೂ ಒಂದೇ ಸಾಲಿನಲ್ಲಿ ನಿಂತವರಿಗೆ 'ಬೇಡ' ಎನ್ನುವ ಧೈರ್ಯ ಎಲ್ಲಿಂದ ಬಂದೀತು ಎಂಬುದನ್ನು ಯೋಚಿಸಿ.

5. ಕುಟುಂಬ ಎಂದರೆ ಯಾರು

ರೇಷನ್ ಕಾರ್ಡಿನ ಕುಟುಂಬ ಬೇರೆ, ಒಂದೇ ಒಲೆಯಲ್ಲಿ ಉಣ್ಣುವ ಕುಟುಂಬ ಬೇರೆ. ನಿಮಗೆ ಬೇಕಾದದ್ದು ಎರಡನೆಯದು. 'ನಿನ್ನೆ ಮೊನ್ನೆವರೆಗೆ ಯಾರ್ಯಾರು ಒಟ್ಟಿಗೆ ಅಡುಗೆ ಮಾಡ್ಕೊಂಡಿದ್ರಿ?' ಎಂದು ಕೇಳಿದರೆ ಸರಿಯಾದ ಉತ್ತರ ಬರುತ್ತದೆ.

ಸಾಮಾನು ಹಂಚುವ ರೀತಿ ಪಟ್ಟಿಯನ್ನೇ ತಿರುಚುತ್ತದೆ ಎಂಬುದು ನೆನಪಿರಲಿ. ಕುಟುಂಬಕ್ಕೊಂದು ಕಿಟ್ ಎಂದು ಸಾರಿದ ಗಳಿಗೆಯಲ್ಲೇ ಎಂಟು ಜನರ ಮನೆ ಎರಡಾಗುತ್ತದೆ, ಅಣ್ಣತಮ್ಮ ಬೇರೆಯಾಗುತ್ತಾರೆ. ಇದು ಮೋಸ ಎಂದು ಸಿಡುಕುವುದರಲ್ಲಿ ಅರ್ಥವಿಲ್ಲ. ಎಂಟು ಜನಕ್ಕೂ ಎರಡು ಜನಕ್ಕೂ ಒಂದೇ ಮೂಟೆ ಅಕ್ಕಿ ಎಂದದ್ದು ನಾವು. ತಲೆ ಲೆಕ್ಕದಲ್ಲಿ ಕೊಡುತ್ತೇವೆ ಎಂದು ಮೊದಲೇ ಹೇಳಿದರೆ ಮನೆ ಒಡೆಯುವುದು ತಾನಾಗಿ ನಿಲ್ಲುತ್ತದೆ.

ತಲೆ ಲೆಕ್ಕ ನೀರಿಗೂ ಬೇಕು. ತುರ್ತು ನೆರವಿನಲ್ಲಿ ಎಲ್ಲರೂ ಅನುಸರಿಸುವ ಸ್ಫಿಯರ್ ಮಾನದಂಡದ ಪ್ರಕಾರ ತಲೆಗೆ ದಿನಕ್ಕೆ ಕನಿಷ್ಠ 15 ಲೀಟರ್ ನೀರು, 3.5 ಚದರ ಮೀಟರ್ ತಂಗುವ ಜಾಗ ಬೇಕು. ನಲವತ್ತು ಕುಟುಂಬ, ಮನೆಗೆ ನಾಲ್ವರು ಎಂದು 160 ಜನಕ್ಕೆ ಟ್ಯಾಂಕರ್ ತರಿಸಿ, ನಿಜದಲ್ಲಿ 212 ಜನ ಇದ್ದರೆ ದಿನಕ್ಕೆ 780 ಲೀಟರ್ ಕೊರತೆ.

6. ಹೆಸರು, ವಯಸ್ಸು, ಊರು

ಇಲ್ಲಿ ನಿಧಾನಿಸಿ. ಮುಂದೆ ಬರುವ ಜೋಡಿ ದಾಖಲೆಗಳೆಲ್ಲ ಇಲ್ಲಿಯೇ ಹುಟ್ಟುತ್ತವೆ.

ಹೆಸರನ್ನು ಮೊದಲು ಬಾಯಿಂದ ಕೇಳಿ ಬರೆಯಿರಿ, ಆಮೇಲೆ ಕಾರ್ಡು ನೋಡಿ. ಕಾರ್ಡಿನಲ್ಲಿ ಬೇರೆ ಇದ್ದರೆ ಅದನ್ನು ಪಕ್ಕದಲ್ಲಿ ಬರೆಯಿರಿ, ಮೊದಲಿನದನ್ನು ಹೊಡೆದುಹಾಕಬೇಡಿ. ನಮ್ಮ ಕಡೆ ಹೆಸರಿನ ಜೊತೆ ಇನಿಷಿಯಲ್ ಬರುತ್ತದೆ. ಅದು ಊರೋ, ತಂದೆಯ ಹೆಸರೋ, ತೆಲುಗರಾದರೆ ಇಂಟಿಪೇರೋ (ಮನೆತನದ ಹೆಸರೋ) ಬಿಡಿಸಿ ಕೇಳಿ. ಪಹಣಿಯಲ್ಲಿ 'ಬಿನ್', 'ಕೋಂ' ಎಂದು ಇರುವುದು, ಅಂದರೆ ಇಂಥವರ ಮಗ, ಇಂಥವರ ಹೆಂಡತಿ ಎಂಬುದು, ಆಧಾರಿನಲ್ಲಿ ಹೆಸರಿನ ಭಾಗವೇ ಆಗಿಬಿಟ್ಟಿರುವುದುಂಟು. ತಾಯಿಯ ಹೆಸರು ತಪ್ಪದೆ ಕೇಳಿ. ಹತ್ತು ಜನ ಮುನಿಯಪ್ಪಂದಿರ ತಂದೆಯರಲ್ಲಿ ನಾಲ್ವರು ವೆಂಕಟಪ್ಪ ಆಗಿರಬಹುದು. ತಾಯಿಯ ಹೆಸರೂ ಸೇರಿ ಮೂರೂ ಹೊಂದುವುದು ಅಪರೂಪ.

ಹೊರದೇಶದವರಲ್ಲಿ ಕಷ್ಟಗಳು ಬೇರೆ ತರಹ. ಅಫ್ಘನ್ನರಲ್ಲಿ ಹಲವರಿಗೆ ಒಂದೇ ಹೆಸರು, ಮನೆತನದ ಹೆಸರಿಲ್ಲ. ಖಾಲಿ ಬಿಡಬೇಕಾದ ಕಾಲಂಗೆ ಏನಾದರೊಂದು ತುಂಬಿಸಿದರೆ ಮುಂದೆ ಪಾಸ್‌ಪೋರ್ಟಿಗೂ ಚೀಟಿಗೂ ತಾಳೆಯಾಗುವುದಿಲ್ಲ. ಬರ್ಮೀಯರ ಹೆಸರಿನ ಮುಂದಿನ 'ಊ', 'ಡಾ' ಎಂಬುವು ನಮ್ಮ ಶ್ರೀ, ಶ್ರೀಮತಿಯ ಹಾಗೆ. ಟಿಬೆಟನ್ನರಲ್ಲಿ ತೆಂಜಿನ್ ಎಂಬ ಹೆಸರಿನವರು ಎಷ್ಟಿದ್ದಾರೆಂದರೆ, ಎರಡನೇ ಹೆಸರು ಬರೆಯದಿದ್ದರೆ ಪಟ್ಟಿ ಮಾಡಿದ್ದೇ ದಂಡ.

ವಯಸ್ಸಿಗೆ ಜನ್ಮದಿನಾಂಕ ಗೊತ್ತಿಲ್ಲ ಎಂದರೆ ಜನವರಿ 1 ಎಂದು ಬರೆಯುವ ಚಾಳಿ ಎಲ್ಲೆಡೆ ಇದೆ. ಬರೆದರೂ ಪಕ್ಕದಲ್ಲಿ 'ಅಂದಾಜು' ಎಂಬ ಗುರುತು ಇರಲೇಬೇಕು. ಇಲ್ಲವಾದರೆ ಆ ದಿನಾಂಕವನ್ನು ನಿಜವೆಂದು ನಂಬಿ ಯಾರೋ ಒಬ್ಬರು ಹುಡುಗಿಗೆ ಹದಿನೆಂಟು ತುಂಬಿದೆ ಎಂದು ತೀರ್ಮಾನಿಸುತ್ತಾರೆ. ಅಂದಾಜು ಮಾಡಲು ಘಟನೆಗಳ ಪಟ್ಟಿಯೊಂದು ಮೇಜಿನ ಮೇಲಿರಲಿ: ತುರ್ತು ಪರಿಸ್ಥಿತಿ 1975, ಇಂದಿರಾ ಗಾಂಧಿ ಹತ್ಯೆ 1984, ರಾಜೀವ್ ಗಾಂಧಿ ಹತ್ಯೆ 1991, ಕೆಜಿಎಫ್ ಚಿನ್ನದ ಗಣಿ ಮುಚ್ಚಿದ್ದು 2001, ಡಾ. ರಾಜ್‌ಕುಮಾರ್ ತೀರಿಕೊಂಡದ್ದು 2006, ಚಿಕ್ಕಬಳ್ಳಾಪುರ ಜಿಲ್ಲೆಯಾದದ್ದು 2007, ನೋಟು ರದ್ದು 2016, ಸಿದ್ಧಗಂಗಾ ಶ್ರೀಗಳು ಲಿಂಗೈಕ್ಯರಾದದ್ದು 2019, ಲಾಕ್‌ಡೌನ್ 2020. 'ನೋಟು ಬಂದಾದಾಗ ಈ ಮಗು ನಡೀತಿತ್ತಾ, ತೊಟ್ಟಿಲಲ್ಲಿತ್ತಾ?' ಎಂದರೆ ತಾಯಂದಿರು ತಟ್ಟನೆ ಹೇಳುತ್ತಾರೆ. ಅಫ್ಘನ್ನರ ಗುರುತಿನ ಚೀಟಿಯಲ್ಲಿ 1375 ಎಂದಿದ್ದರೆ ಗಾಬರಿ ಬೇಡ. ಅದು ಅವರ ಸೌರ ಪಂಚಾಂಗ, ಮಾರ್ಚಿಯಲ್ಲಿ ವರ್ಷ ಶುರು. 621 ಕೂಡಿಸಿದರೆ ನಮ್ಮ ಇಸವಿ, ಜನವರಿಯಿಂದ ಮಾರ್ಚಿಯ ನಡುವೆ ಹುಟ್ಟಿದವರಿಗೆ 622.

ಊರಿನ ವಿಷಯ. ಹೊಸಹಳ್ಳಿ, ಗೊಲ್ಲರಹಟ್ಟಿ ಎಂದಷ್ಟೇ ಬರೆದರೆ ಯಾವ ಹೊಸಹಳ್ಳಿ? ಗ್ರಾಮ, ಗ್ರಾಮ ಪಂಚಾಯಿತಿ, ಹೋಬಳಿ, ತಾಲ್ಲೂಕು ನಾಲ್ಕೂ ಬರಲಿ. ಚಿಂತಾಮಣಿ, ಗೌರಿಬಿದನೂರು, ಶಿಡ್ಲಘಟ್ಟದವರ 2007ಕ್ಕೆ ಮುಂಚಿನ ಕಾಗದಗಳಲ್ಲಿ ಜಿಲ್ಲೆ ಕೋಲಾರ ಎಂದೇ ಇರುತ್ತದೆ. ಅದು ಸುಳ್ಳು ದಾಖಲೆಯಲ್ಲ. ತುಮಕೂರಿನ ಇಂಗ್ಲಿಷ್ ಕಾಗುಣಿತವೂ 2014ರ ನವೆಂಬರ್ 1ರಿಂದ ಬದಲಾಗಿದೆ, ಹಳೆಯ ಕಾರ್ಡಿಗೂ ಹೊಸದಕ್ಕೂ ವ್ಯತ್ಯಾಸ ಬರುವುದು ಸಹಜ.

7. ಕಾರ್ಡು, ಫೋಟೋ, ಬೆರಳಚ್ಚು

ಕಾರ್ಡು ನೋಡಿದೆವು ಎಂದು ಒಂದು ಗುರುತು ಹಾಕಿದರೆ ಸಾಕು. ಆಧಾರ್ ಬೇಕೇಬೇಕು ಎಂದು ಇಲಾಖೆ ಕೇಳಿದರೆ ಕೊನೆಯ ನಾಲ್ಕು ಅಂಕೆ ಮಾತ್ರ ಬರೆಯಿರಿ. ಮೊದಲ ಎಂಟು ಅಂಕೆ ಮರೆಮಾಡಿದ 'ಮಾಸ್ಕ್ಡ್ ಆಧಾರ್' ಪ್ರತಿಯನ್ನೇ ಡೌನ್‌ಲೋಡ್ ಮಾಡಿಕೊಳ್ಳಲೂ ಬರುತ್ತದೆ. ಪೌರತ್ವಕ್ಕೆ ಆಧಾರ್ ಪುರಾವೆಯಲ್ಲ ಎಂಬುದು ಮೇಜಿನಲ್ಲಿ ಕೂತವರಿಗೆಲ್ಲ ಗೊತ್ತಿರಲಿ. ನೀರಲ್ಲಿ ಕೊಚ್ಚಿಹೋದ ಮನೆಯವರಿಗೆ 'ಕಾರ್ಡ್ ತಂದು ಬಾ' ಎಂದು ಹೇಳಿ ಕಳಿಸುವುದು ಮಾತ್ರ ಬೇಡ. 'ದಾಖಲೆ ಇಲ್ಲ, ಹೇಳಿಕೆ ಮೇಲೆ' ಎಂದು ಬರೆದು ಮುಂದೆ ಹೋಗಿ.

ಬೆರಳಚ್ಚು, ಕಣ್ಣಪಾಪೆಯ ಸ್ಕ್ಯಾನ್ ಇವು ಸಣ್ಣ ಕೇಂದ್ರಕ್ಕೆ ಬೇಡವೇ ಬೇಡ. ಅಷ್ಟು ಜನಕ್ಕೆ ಚೀಟಿ, ಕಣ್ಣಳತೆ, ಪಕ್ಕದ ಮನೆಯವರ ಸಾಕ್ಷಿ ಧಾರಾಳ ಸಾಕು. ಇಟ್ಟಿಗೆ, ಕಲ್ಲು, ಸುಣ್ಣದ ಕೆಲಸದವರ ಬೆರಳ ಗೆರೆ ಸವೆದು ಯಂತ್ರ ಓದುವುದಿಲ್ಲ. ನ್ಯಾಯಬೆಲೆ ಅಂಗಡಿಯಲ್ಲಿ ಈ ಪಾಡು ಕಂಡವರೇ ಅವರು. ಬೆರಳಚ್ಚು ಇನ್ನೊಂದು ತರಹದಲ್ಲೂ ಬೆನ್ನು ಹತ್ತುತ್ತದೆ. ಕೀನ್ಯಾದ ಉತ್ತರ ಭಾಗದಲ್ಲಿ ಬರಗಾಲ ಬಿದ್ದಾಗ ಅಲ್ಲಿನವರೇ ಆದ ಎಷ್ಟೋ ಬಡವರು ದಾದಾಬ್ ಶಿಬಿರದ ಪಡಿತರಕ್ಕಾಗಿ ನಿರಾಶ್ರಿತರೆಂದು ಹೆಸರು ಬರೆಸಿದ್ದರು. ವರ್ಷಗಳ ಮೇಲೆ ತಮ್ಮದೇ ದೇಶದ ಗುರುತಿನ ಚೀಟಿಗೆ ಅರ್ಜಿ ಹಾಕಿದಾಗ ಬೆರಳಚ್ಚು ನಿರಾಶ್ರಿತರ ಪಟ್ಟಿಯಲ್ಲಿ ಸಿಕ್ಕಿಬಿತ್ತು, ಸಾವಿರಾರು ಜನರಿಗೆ ಚೀಟಿ ನಿರಾಕರಿಸಲಾಯಿತು. ಹೆಸರನ್ನಾದರೆ ತಿದ್ದಬಹುದು, ಬೆರಳನ್ನು ತಿದ್ದಲು ಬರುವುದಿಲ್ಲ.

8. ಪ್ರತ್ಯೇಕ ಕಾಳಜಿ ಬೇಕಾದವರು

ಅಂಗವೈಕಲ್ಯ, ಬಸುರಿ, ದಿನನಿತ್ಯದ ಔಷಧಿ, ಒಂಟಿ ವೃದ್ಧರು. ಇವರನ್ನು ಹೆಸರಿನ ಪಕ್ಕದಲ್ಲಿ ಪದಗಳಲ್ಲಿ ಬರೆಯದೆ ಸಂಕೇತದಲ್ಲಿ ಗುರುತಿಸಿ, ಸಂಕೇತದ ಅರ್ಥ ಬರೆದ ಹಾಳೆ ಒಬ್ಬರ ಬಳಿ ಮಾತ್ರ ಇರಲಿ. ಎಚ್‌ಐವಿ, ಲೈಂಗಿಕ ದೌರ್ಜನ್ಯದಂಥ ವಿಷಯ ಮೇಜಿನಲ್ಲಿ ಕೇಳಬೇಡಿ. ತಾವಾಗಿ ಹೇಳಿದರೆ ರಿಜಿಸ್ಟರಿನಲ್ಲಿ ಬರೆಯದೆ, ಆಶಾ ಕಾರ್ಯಕರ್ತೆಗೋ ವೈದ್ಯರಿಗೋ ಅವರ ಒಪ್ಪಿಗೆ ಪಡೆದು ಮುಟ್ಟಿಸಿ. ಮಹಿಳಾ ಸಹಾಯವಾಣಿ 181.

ದೊಡ್ಡವರ ಜೊತೆಯಿಲ್ಲದೆ ಮಗು ಸಿಕ್ಕರೆ ಯಾವ ಕುಟುಂಬಕ್ಕೂ ಸೇರಿಸಿ ಬರೆಯಬೇಡಿ. ಅದರದೇ ದಾಖಲೆ ಇರಲಿ, 1098ಕ್ಕೆ ಕರೆ ಹೋಗಲಿ. ಬಾಲನ್ಯಾಯ ಕಾಯ್ದೆಯಂತೆ 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರಾಗಬೇಕು. ಮಗುವಿನ ಫೋಟೋ ವಾಟ್ಸ್ಆ್ಯಪ್ ಗುಂಪಿಗೆ ಹಾಕಿ 'ಪೋಷಕರು ಸಿಗುವವರೆಗೂ ಶೇರ್ ಮಾಡಿ' ಎನ್ನುವುದು ಒಳ್ಳೆಯ ಮನಸ್ಸಿನಿಂದಲೇ ಆಗುವ ಅನಾಹುತ. ಕರೆದೊಯ್ಯಲು ಯಾರು ಬೇಕಾದರೂ ಬರಬಹುದು.

9. ಕಂಪ್ಯೂಟರಿಗೆ ಏರಿಸುವುದು, ಜೋಡಿ ಹುಡುಕುವುದು

ಮೊಬೈಲಿನಲ್ಲೇ ತುಂಬುವುದಾದರೆ ಕೋಬೋ ಟೂಲ್‌ಬಾಕ್ಸ್ ಎಂಬ ಮಾಹಿತಿ ತುಂಬುವ ಸಾಫ್ಟ್‌ವೇರ್ ಉಚಿತವಾಗಿ ಸಿಗುತ್ತದೆ, ನೆಟ್‌ವರ್ಕ್ ಇಲ್ಲದಲ್ಲೂ ನಡೆಯುತ್ತದೆ. ಎಕ್ಸೆಲ್ ಆದರೆ ಮೂರು ಕಡೆ ಹುಷಾರು.

ಅಕ್ಷರ: ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಹೊಡೆದದ್ದು ಬೇರೆ ಕಂಪ್ಯೂಟರಿನಲ್ಲಿ ಕಲಸುಮೇಲೋಗರವಾಗುತ್ತದೆ. ಯೂನಿಕೋಡಿನಲ್ಲೇ ಹೊಡೆಯಿರಿ. ಯೂನಿಕೋಡಿನಲ್ಲೂ ಒಂದು ಕಳ್ಳ ತೊಡಕಿದೆ: ಅರ್ಕಾವತ್ತು ಬರುವ ಹೆಸರುಗಳನ್ನು ಎರಡು ರೀತಿ ಹೊಡೆಯಬಹುದು, ನಡುವೆ ಕಣ್ಣಿಗೆ ಕಾಣದ ಜೋಡಕವೊಂದು ಸೇರಿರುತ್ತದೆ. ನಮಗೆ ಎರಡೂ ಸೂರ್ಯಪ್ಪನೇ, ಕಂಪ್ಯೂಟರಿಗೆ ಇಬ್ಬರು. ಕನ್ನಡ ಅಂಕಿ ಮತ್ತು ಇಂಗ್ಲಿಷ್ ಅಂಕಿ ಬೆರೆಸಿದರೂ ಇದೇ ಕಥೆ.

ಸಂಖ್ಯೆ: 0047 ಎಂದು ಹೊಡೆದರೆ ಎಕ್ಸೆಲ್ ಸೊನ್ನೆ ನುಂಗಿ 47 ಎನ್ನುತ್ತದೆ. ಹನ್ನೆರಡು ಅಂಕೆಯ ಸಂಖ್ಯೆಯನ್ನು ದಶಮಾಂಶದ ವಿಚಿತ್ರ ರೂಪಕ್ಕೆ ತಿರುಗಿಸಿ ತೋರಿಸುತ್ತದೆ, ಹದಿನೈದು ದಾಟಿದರೆ ಕೊನೆಯ ಅಂಕೆಗಳನ್ನೇ ಸೊನ್ನೆ ಮಾಡುತ್ತದೆ. ಹೊಡೆಯುವ ಮುನ್ನವೇ ಕಾಲಂ ಅನ್ನು 'ಟೆಕ್ಸ್ಟ್' ಮಾಡಿ. ಆಮೇಲೆ ಮಾಡಿದರೆ ಹೋದದ್ದು ಬರುವುದಿಲ್ಲ.

ದಿನಾಂಕ: 05/06 ಜೂನ್ 5ೋ ಮೇ 6ೋ? ದಿನ, ತಿಂಗಳು, ವರ್ಷ ಮೂರು ಕಾಲಂ ಮಾಡಿ.

ಜೋಡಿ ದಾಖಲೆ ಹುಡುಕಲು ಪಕ್ಕದಲ್ಲೊಂದು 'ಸವೆಸಿದ ಹೆಸರು' ಕಾಲಂ ಮಾಡಿಕೊಳ್ಳಿ. ಹೆಸರಿನಿಂದ ಇನಿಷಿಯಲ್, ಚುಕ್ಕಿ, ಜಾಗ ತೆಗೆಯಿರಿ. ಶ, ಷ ಎರಡನ್ನೂ ಸ ಮಾಡಿ, ಳ ಅನ್ನು ಲ, ಣ ಅನ್ನು ನ ಮಾಡಿ. ಮಹಾಪ್ರಾಣಗಳನ್ನು ಅಲ್ಪಪ್ರಾಣಕ್ಕೆ ಇಳಿಸಿ, ದೀರ್ಘವನ್ನು ಹ್ರಸ್ವ ಮಾಡಿ, ಮೊದಲಿನ ಹ ಅನ್ನು ಅ ಮಾಡಿ. ಹೀಗೆ ಮಾಡಿದಾಗ ಹನುಮಂತಪ್ಪ, ಅನುಮಂತಪ್ಪ ಒಂದೇ ಕಡೆ ಬಂದು ಕೂರುತ್ತಾರೆ. ವೆಂಕಟೇಶಪ್ಪ, ವೇಂಕಟೇಸಪ್ಪನೂ ಅಷ್ಟೆ. ಈ ಕಾಲಂ, ತಾಯಿಯ ಹೆಸರು, ಊರು ಇವುಗಳ ಕ್ರಮದಲ್ಲಿ ಪಟ್ಟಿ ಜೋಡಿಸಿ, ವಯಸ್ಸಿನಲ್ಲಿ ಮೂರು ವರ್ಷ ಹೆಚ್ಚುಕಮ್ಮಿ ಇದ್ದರೂ ಸಂಶಯದ ಜೋಡಿ ಎಂದು ಗುರುತಿಸಿ.

ಗುರುತಿಸಿದ್ದನ್ನು ಅಲ್ಲೇ ಅಳಿಸಬೇಡಿ. ಜೋಡಿ ಹೌದೋ ಅಲ್ಲವೋ ಎಂದು ತೀರ್ಮಾನವಾಗಬೇಕಾದದ್ದು ಆ ಇಬ್ಬರನ್ನು ಕರೆಸಿ ನೋಡಿದ ಮೇಲೆ. ಅವಳಿ ಮಕ್ಕಳು, ಒಂದೇ ಹೆಸರಿನ ದಾಯಾದಿಗಳು ನಮ್ಮ ಹಳ್ಳಿಗಳಲ್ಲಿ ಕಮ್ಮಿಯಿಲ್ಲ. ಒಬ್ಬರೇ ಎಂದು ಖಾತ್ರಿಯಾದರೆ ಮೊದಲು ಕೊಟ್ಟ ಸಂಖ್ಯೆ ಉಳಿಸಿ, ಎರಡನೆಯದರ ಎದುರು 'ಇಂಥ ಸಂಖ್ಯೆಗೆ ಸೇರಿಸಿದೆ' ಎಂದು ಬರೆಯಿರಿ.

10. ಒಂದೇ ಪಟ್ಟಿ ಎಲ್ಲರಿಗೂ ಬೇಡ

ಮೂಲ ಪಟ್ಟಿ ಇಬ್ಬರ ಕೈಯಲ್ಲಿ ಮಾತ್ರ. ಸಾಮಾನು ಹಂಚುವವರಿಗೆ ಕುಟುಂಬ ಸಂಖ್ಯೆ, ಮುಖ್ಯಸ್ಥರ ಹೆಸರು, ತಲೆ ಎಣಿಕೆ, ಸಹಿಯ ಜಾಗ ಇಷ್ಟಿರುವ ಹಾಳೆ. ಅಡುಗೆಯವರಿಗೆ ಒಟ್ಟು ಸಂಖ್ಯೆ ಸಾಕು. ಗೋಡೆಗೆ ಅಂಟಿಸುವುದರಲ್ಲಿ ಟೋಕನ್ ಸಂಖ್ಯೆ ಬಿಟ್ಟು ಬೇರೇನೂ ಇರಬಾರದು. ದಾನಿಗಳು 'ಫಲಾನುಭವಿಗಳ ಪಟ್ಟಿ ಫೋನ್ ನಂಬರ್ ಸಮೇತ ಕಳಿಸಿ' ಎಂದು ಕೇಳುತ್ತಾರೆ. ವಯಸ್ಸು, ಲಿಂಗದ ಪ್ರಕಾರ ಎಣಿಕೆ ಕೊಡಿ. ಹೆಚ್ಚು ಬೇಕೆಂದರೆ ನಿಮ್ಮ ಕಚೇರಿಗೇ ಬಂದು ರಿಜಿಸ್ಟರು ನೋಡಿ ಹೋಗಲಿ.

ಹೊರಗೆ ಸೋರುವುದು ಹೆಚ್ಚಾಗಿ ಸಣ್ಣಪುಟ್ಟ ದಾರಿಗಳಲ್ಲೇ. ಜೆರಾಕ್ಸ್ ಅಂಗಡಿಯವರ ವಾಟ್ಸ್ಆ್ಯಪಿಗೆ ಕಳಿಸಿ ಪ್ರಿಂಟ್ ತೆಗೆಸಿದ ಫೈಲು ಅವರ ಕಂಪ್ಯೂಟರಿನಲ್ಲೇ ಉಳಿಯುತ್ತದೆ. ಸ್ವಯಂಸೇವಕರ ಮೊಬೈಲಿನಲ್ಲಿ ತೆಗೆದ ಕಾರ್ಡಿನ ಫೋಟೋ ಅವರ ಸ್ವಂತ ಖಾತೆಗೆ ತಾನಾಗಿ ಬ್ಯಾಕಪ್ ಆಗುತ್ತದೆ. ಪ್ರಿಂಟರ್ ನಿಮ್ಮಲ್ಲೇ ಇರಲಿ, ಇಲ್ಲವೇ ಕೈಯಲ್ಲಿ ಬರೆಯಿರಿ. ಫೈಲಿಗೆ ಪಾಸ್‌ವರ್ಡ್ ಹಾಕಿ, ಪಾಸ್‌ವರ್ಡನ್ನು ಅದೇ ಮೆಸೇಜಿನಲ್ಲಿ ಕಳಿಸದೆ ಫೋನಿನಲ್ಲಿ ಹೇಳಿ. ದೊಡ್ಡವರೂ ಇದರಿಂದ ಹೊರತಲ್ಲ: ಕಾಣೆಯಾದ ಬಂಧುಗಳನ್ನು ಹುಡುಕಿಕೊಡಲು ಅಂತರರಾಷ್ಟ್ರೀಯ ರೆಡ್‌ಕ್ರಾಸ್ ಸಮಿತಿ ಇಟ್ಟಿದ್ದ 5,15,000ಕ್ಕೂ ಹೆಚ್ಚು ಜನರ ಮಾಹಿತಿ 2022ರ ಜನವರಿಯಲ್ಲಿ ಹ್ಯಾಕ್ ಆದದ್ದು ಬಯಲಾಯಿತು. ಹಾಕಬೇಕಿದ್ದ ಸಾಫ್ಟ್‌ವೇರ್ ತೇಪೆ ಸಮಯಕ್ಕೆ ಹಾಕದೆ ಉಳಿದದ್ದೇ ಒಳನುಗ್ಗಲು ದಾರಿಯಾಗಿತ್ತು.

ಮೊಬೈಲೋ ರಿಜಿಸ್ಟರೋ ಕಳೆದರೆ ಬೈಗುಳಕ್ಕೆ ಹೆದರಿ ಮುಚ್ಚಿಡುವ ವಾತಾವರಣ ಇರಬಾರದು. ಯಾವ ಹಾಳೆ, ಯಾರ ಹೆಸರುಗಳು, ಎಷ್ಟು ಹೊತ್ತಿಗೆ ಎಂದು ಬರೆದು, ತಾಲ್ಲೂಕು ಕಚೇರಿಗೂ ಆ ಹೆಸರಿನವರಿಗೂ ತಿಳಿಸಿ.

11. ತಿದ್ದುವುದು, ಮುಚ್ಚುವುದು

ದಿನಕ್ಕೊಮ್ಮೆ, ರಾತ್ರಿ ಊಟದ ಹೊತ್ತಿಗೆ, ಬಂದವರು, ಹೋದವರು, ಹುಟ್ಟು, ಸಾವು ಕೆಂಪು ಪೆನ್ನಿನಲ್ಲಿ ಸೇರಲಿ. ಹಳೆಯ ಬರಹವನ್ನು ಒಂದೇ ಗೆರೆಯಿಂದ ಹೊಡೆದು ಪಕ್ಕದಲ್ಲಿ ದಿನಾಂಕ, ಸಹಿ ಹಾಕಿ. ಬಿಳಿ ದ್ರವ ಹಚ್ಚಿ ಅಳಿಸಿದ ರಿಜಿಸ್ಟರನ್ನು ಯಾವ ಅಧಿಕಾರಿಯೂ ನಂಬುವುದಿಲ್ಲ. ಮೂರು ದಿನ ಊಟಕ್ಕೆ ಬಾರದವರನ್ನು 'ಹೋದರು' ಎಂದು ಬರೆಯುವ ಮುನ್ನ ಆಸ್ಪತ್ರೆಯಲ್ಲಿದ್ದಾರೆಯೇ ಎಂದು ವಿಚಾರಿಸಿ.

ಕೇಂದ್ರ ಮುಚ್ಚುವ ದಿನ ಹೊರಡುವ ಪ್ರತಿ ಕುಟುಂಬಕ್ಕೂ ಅವರ ದಾಖಲೆಯ ಒಂದು ಪ್ರತಿ ಕೊಡಿ. ಪರಿಹಾರಕ್ಕೆ ಅಲೆಯುವಾಗ 'ನಾವು ಅಲ್ಲಿದ್ದೆವು' ಎನ್ನಲು ಅದೊಂದೇ ಕಾಗದ ಇರಬಹುದು. ಮೂಲ ರಿಜಿಸ್ಟರನ್ನು ತಹಶೀಲ್ದಾರ್ ಕಚೇರಿಗೆ ಒಪ್ಪಿಸಿ ಸ್ವೀಕೃತಿ ಪಡೆಯಿರಿ. ನಿಮ್ಮಲ್ಲಿ ಉಳಿದ ಪ್ರತಿಯ ಮೇಲೆ ನಾಶಪಡಿಸುವ ದಿನಾಂಕವನ್ನು ಅಂದೇ ಬರೆಯಿರಿ, ಪರಿಹಾರದ ತಕರಾರುಗಳು ಮುಗಿಯುವಷ್ಟು ಕಾಲ, ಸಾಮಾನ್ಯವಾಗಿ ಒಂದು ವರ್ಷ. ಆ ದಿನ ಬಂದಾಗ ಕಾಗದವನ್ನು ಗುಜರಿಗೆ ಹಾಕದೆ ಸುಟ್ಟುಬಿಡಿ, ಪೆನ್‌ಡ್ರೈವ್, ಮೇಲ್, ಮೊಬೈಲ್ ಗ್ಯಾಲರಿ ಮೂರರಲ್ಲೂ ಹುಡುಕಿ ಅಳಿಸಿ, ಅಳಿಸಿದವರು ಯಾರು, ಯಾವಾಗ ಎಂದು ಸಂಘದ ನಡಾವಳಿ ಪುಸ್ತಕದಲ್ಲಿ ಬರೆಯಿರಿ. ಒಟ್ಟು ಎಣಿಕೆಗಳನ್ನು ಮಾತ್ರ ಇಟ್ಟುಕೊಳ್ಳಿ. ಮುಂದಿನ ಮಳೆಗಾಲಕ್ಕೆ ಎಷ್ಟು ಚಾಪೆ, ಎಷ್ಟು ಟೋಕನ್ ಬೇಕು ಎಂದು ಅಂದಾಜಿಸಲು ಅಷ್ಟು ಸಾಕು.